ಲೆಕ್ಕಕ್ಕೆ ಸಿಗದ ಹಿಮ

ಆ ವರ್ಷಗಳಲ್ಲಿ ಅಕ್ಕನ ಮತ್ತು ನನ್ನ ಫೋನು ಯಾವಾಗಲೂ ಮಳೆಯಿಂದಲೇ ಶುರುವಾಗುತ್ತಿತ್ತು. ಅವಳು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ, ನಾನು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ. “ಅಲ್ಲಿ ಮಳೆ ಉಂಟಾ?” ಎಂದು ಅವಳು ಕೇಳುತ್ತಿದ್ದಳು. “ಇಲ್ಲ, ಅಲ್ಲಿ?” ಎಂದು ನಾನು. ಎರಡೂ ಕಡೆ ಇರುತ್ತಿರಲಿಲ್ಲ. ಉಡುಪಿಯಲ್ಲಿ ಹುಟ್ಟಿ, ವರ್ಷದ ಮೂರನೇ ಒಂದು ಭಾಗ ಮಳೆಗೆ ಬೈಯುತ್ತಲೇ ಬೆಳೆದ ನಾವಿಬ್ಬರೂ ಇಲ್ಲಿ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಹೊಯ್ಯುತ್ತಿದ್ದೆವು. ಬರಗಾಲದ ಕಟ್ಟುಪಾಡು ಮೀರಿ ಪೈಪು ಹಿಡಿದು ಹುಲ್ಲಿಗೆ ನೀರು ಬಿಟ್ಟರೆ ಪಕ್ಕದ ಮನೆಯವರು ದೂರು ಕೊಡುವ ಕಾಲ ಅದು. ಮಳೆಯ ಮಾತು ಮುಗಿದ ಮೇಲೆ ಊಟದ ಮಾತು, ಊಟದ ಮಾತು ಮುಗಿದ ಮೇಲೆ “ಸರಿ, ಇಡ್ತೇನೆ”.

ನಮ್ಮ ಮನೆಯವರು ಮುಖ್ಯವಾದದ್ದನ್ನು ನೇರವಾಗಿ ಕೇಳುವವರಲ್ಲ. ಅಮ್ಮ ನಮ್ಮನ್ನು “ಖುಷಿಯಲ್ಲಿದ್ದೀರಾ” ಎಂದು ಒಮ್ಮೆಯೂ ಕೇಳಿದ್ದು ನೆನಪಿಲ್ಲ. ತಲೆಗೆ ಎಣ್ಣೆ ಹಾಕಿಕೊಂಡಿರಾ ಎಂದು ಕೇಳುತ್ತಿದ್ದರು. ನಾವು ಕೊಡುವ ಉತ್ತರದ ದನಿಯಲ್ಲೇ ಅವರಿಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ಅಕ್ಕನಿಗೆ ಆ ಕಿವಿ ಬಂತು. ನನಗೆ ಬಂದದ್ದು ಅಪ್ಪನ ಮೂಗು, ಅದರ ತುದಿಯ ಮೇಲೆ ಅಪ್ಪನದೇ ಕೋಪ.

ನನ್ನ ಕೆಲಸ ಹಿಮದ್ದು. ಹಾಗೆಂದ ಕೂಡಲೇ ಜನ ನಾನು ಅಂಟಾರ್ಕ್ಟಿಕದಲ್ಲಿ ದಪ್ಪ ಜಾಕೆಟ್ ಹಾಕಿಕೊಂಡು ಪೆಂಗ್ವಿನ್ನುಗಳ ಜೊತೆ ಫೋಟೋ ತೆಗೆಸಿಕೊಂಡವಳು ಎಂದುಕೊಳ್ಳುತ್ತಿದ್ದರು. ನಾನು ಕೈಯಲ್ಲಿ ಮುಟ್ಟಿದ ಹಿಮ ಫ್ರೀಜರಿನದ್ದು ಮಾತ್ರ, ಅದೂ ಮೀನಿನ ವಾಸನೆಯದ್ದು. ಮೆಲ್ಬರ್ನಿನ ಒಂದು ಸಂಶೋಧನಾ ಕಚೇರಿಯಲ್ಲಿ, ಕಿಟಕಿಯಿಲ್ಲದ ಕಡೆ ಕೂತು, ಧ್ರುವದ ಹಿಮದ ಹಾಸು ಮುಂದಿನ ನೂರು ವರ್ಷಗಳಲ್ಲಿ ಏನು ಮಾಡೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಗುಂಪಿನಲ್ಲಿ ನಾನೊಬ್ಬಳು. ಆ ಲೆಕ್ಕದ ವ್ಯವಸ್ಥೆಗೆ ನಾವು ಮಾಡೆಲ್ ಎನ್ನುತ್ತಿದ್ದೆವು.

ಹಿಮದ ಹಾಸು ಎಂದರೆ ಲೋಟದಲ್ಲಿ ಕರಗುವ ಐಸ್ ತುಂಡಲ್ಲ. ಕಾವಲಿಯ ನಡುವೆ ಹೊಯ್ದ ಹಿಟ್ಟಿನ ಹಾಗೆ ಅದು ತನ್ನ ಭಾರಕ್ಕೆ ತಾನೇ ಅಂಚಿನ ಕಡೆಗೆ ಹರಿಯುತ್ತಿರುತ್ತದೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ. ಅಂಚಿನಲ್ಲಿ ಸಮುದ್ರದ ಮೇಲೆ ಚಾಚಿ ತೇಲುವ ಹಿಮದ ಚಪ್ಪರವೊಂದಿರುತ್ತದೆ. ಹಿಂದಿನದನ್ನು ತಡೆದು ನಿಲ್ಲಿಸಿರುವುದು ಅದೇ. ಬಿಸಿಗೆ ಮೇಲಿನ ಹಿಮ ಎಷ್ಟು ಕರಗೀತು ಎಂಬುದನ್ನು ನಾವು ಒಂದು ಮಟ್ಟಿಗೆ ಲೆಕ್ಕ ಹಾಕಬಲ್ಲವರಾಗಿದ್ದೆವು. ಚಪ್ಪರ ಮುರಿದರೆ ಹಿಂದಿನದು ಎಷ್ಟು ಬೇಗ ಜಾರಿ ಬಂದೀತು ಎಂಬುದು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಹೊಸ ಶತಮಾನದ ಆರಂಭದಲ್ಲೇ ಅಂಥ ಒಂದು ದೊಡ್ಡ ಚಪ್ಪರ ಕೆಲವೇ ವಾರಗಳಲ್ಲಿ ಪುಡಿಯಾಗಿ ತೇಲಿಹೋಗಿತ್ತು. ಅದರ ಹಿಂದಿದ್ದ ಹಿಮನದಿಗಳು ಹಗ್ಗ ಬಿಚ್ಚಿದ ಕರುಗಳ ಹಾಗೆ ಓಡತೊಡಗಿದ್ದವು. ನಮ್ಮ ಯಾವ ಮಾಡೆಲ್ಲೂ ಅದನ್ನು ಮೊದಲೇ ಹೇಳಿರಲಿಲ್ಲ.

ಹಾಗಾಗಿ ಹವಾಮಾನ ಬದಲಾವಣೆಯ ಬಗ್ಗೆ ಜಗತ್ತೆಲ್ಲ ಕಾದಿದ್ದ ದೊಡ್ಡ ವರದಿ ಬಂದಾಗ, ಸಮುದ್ರ ಎಷ್ಟು ಏರೀತು ಎಂಬ ಅಂಕಿಗಳ ಜೊತೆಗೆ ಒಂದು ಮಾತೂ ಇತ್ತು. ಹಿಮ ಇನ್ನಷ್ಟು ವೇಗವಾಗಿ ಜಾರಿದರೆ ಏನಾದೀತು ಎಂಬುದನ್ನು ಇದರಲ್ಲಿ ಪೂರ್ತಿ ಸೇರಿಸಿಲ್ಲ, ಏಕೆಂದರೆ ಅದು ಇನ್ನೂ ಸರಿಯಾಗಿ ತಿಳಿದಿಲ್ಲ ಎಂಬ ಅರ್ಥದ ಮಾತು. ಪ್ರಾಮಾಣಿಕವಾದ ಮಾತೇ. ಆದರೆ ಬಹಳ ಜನ ಅಂಕಿಯನ್ನು ಓದಿ ಆ ಮಾತನ್ನು ಬಿಟ್ಟರು. ತಿಳಿಯದ್ದನ್ನು ಲೆಕ್ಕದ ಹೊರಗಿಟ್ಟರೆ ನೋಡುವವರ ಕಣ್ಣಿಗೆ ಅದು ಸೊನ್ನೆಯಾಗಿಬಿಡುತ್ತದೆ. ಕಚೇರಿಯಲ್ಲಿ ಈ ವಿಷಯಕ್ಕೆ ನಾನು ಬೇಕಾದಷ್ಟು ಜಗಳ ಆಡಿದ್ದೇನೆ.

ವರದಿ ಬರುವ ಹಿಂದಿನ ಚಳಿಗಾಲದಲ್ಲಿ ನನ್ನ ಗಂಡ ಮನೆ ಬಿಟ್ಟು ಬ್ರಿಸ್ಬೇನಿಗೆ ಹೋಗಿದ್ದ. ಹೊಡೆದಾಟ ಬಡಿದಾಟ ಏನೂ ಇಲ್ಲ. ಮಾತು ಕಡಿಮೆಯಾಗಿ, ಆಮೇಲೆ ನಿಂತು, ಆಮೇಲೆ ಅವನೇ ಇಲ್ಲ. ಹೊಸ ಬಡಾವಣೆಯ ಆ ಮನೆಯ ಹಿಂದಿನ ರೂಮ್ ಅವನ ಓದುವ ಕೋಣೆಯಾಗಿತ್ತು. ಅವನು ಬಿಟ್ಟುಹೋದ ಪೆಟ್ಟಿಗೆಗಳನ್ನು ಅದರೊಳಗೇ ಇಟ್ಟು ಬಾಗಿಲು ಎಳೆದುಕೊಂಡೆ. ಕೇಳಿದವರಿಗೆ “ಪ್ರಾಜೆಕ್ಟ್ ಮೇಲೆ ಹೋಗಿದ್ದಾರೆ” ಎನ್ನುತ್ತಿದ್ದೆ. ಎಂಥ ಪ್ರಾಜೆಕ್ಟು, ಯಾವಾಗ ಮುಗಿಯುತ್ತದೆ ಎಂದು ಯಾರಾದರೂ ಮುಂದುವರಿಸಿದರೆ ಕಿವಿ ಬಿಸಿಯಾಗುತ್ತಿತ್ತು. ಅಕ್ಕನಿಗೆ ಮಾತ್ರ ನಿಜ ಗೊತ್ತಿತ್ತು. ಹೇಳಿದ ದಿನ ಅವಳು “ಅಕ್ಕಿ ಉಂಟಾ ಮನೆಯಲ್ಲಿ?” ಎಂದು ಕೇಳಿದ್ದಳು. ನನಗೆ ಸಿಟ್ಟು ಬಂದಿತ್ತು. ಗಂಡ ಹೋದ ಎಂದರೆ ಅಕ್ಕಿ ಕೇಳುತ್ತಾಳಲ್ಲ ಎಂದು.

ಫೆಬ್ರವರಿಯಲ್ಲಿ, ಇಲ್ಲಿಯ ಬೇಸಿಗೆಯ ಕೊನೆಗೆ, ಅಕ್ಕ ಫೋನಿನಲ್ಲಿ ಹೊಸ ವಿಷಯ ತೆಗೆದಳು. ಭಾವನಿಗೆ ಸಿಡ್ನಿ ಸಾಕಾಗಿದೆಯಂತೆ, ಮೆಲ್ಬರ್ನಿಗೆ ಬರುವ ಯೋಚನೆಯಂತೆ. ಪಾಯಿಂಟ್ ಕುಕ್‌ನಲ್ಲಿ, ಕೊಲ್ಲಿಯ ನೀರಿಗೆ ಹತ್ತಿರವೇ, ಇಂಟರ್ನೆಟ್ಟಿನಲ್ಲಿ ಒಂದು ಮನೆ ನೋಡಿದ್ದಾರಂತೆ. “ನಿನ್ನ ಮನೆಯಿಂದ ಕಾರಿನಲ್ಲಿ ಹತ್ತಿರವೇ ಅಲ್ವಾ? ಒಮ್ಮೆ ಹೋಗಿ ನೋಡಿ ಬಾ. ನೀನು ಸಮುದ್ರದ ವಿಷಯ ಓದಿದವಳು. ಯುಗಾದಿಗೆ ಇಲ್ಲಿಗೆ ಬರ್ತೀಯಲ್ಲ, ಆಗ ಹೇಳು. ಅದರ ಮರುವಾರ ಆಕ್ಷನ್, ಮನೆ ಹರಾಜು.”

ಫೋನ್ ಇಟ್ಟ ಮೇಲೆ ನಾನು ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಅಂಥ ನಗು. ಅಕ್ಕ ಬರುತ್ತಾಳೆ ಎಂದರೆ ಆಯಿತು, ನನಗೆ ಬೇರೆ ಏನೂ ಬೇಕಿರಲಿಲ್ಲ. ಆದರೆ “ಬಾ ಅಕ್ಕ” ಎಂಬ ಎರಡು ಮಾತು ಬಾಯಿಗೆ ಬರುತ್ತಿರಲಿಲ್ಲ. ಬಾ ಎಂದರೆ ಒಬ್ಬಳಿಗೆ ಆಗುತ್ತಿಲ್ಲ ಎಂದು ಒಪ್ಪಿಕೊಂಡ ಹಾಗಲ್ಲವೇ? ಪಿಎಚ್‌ಡಿ ಮಾಡಿದವಳು, ಊರಲ್ಲಿ ಎಲ್ಲರೂ ಬೇಡ ಬೇಡ ಎಂದರೂ ಹಟ ಹಿಡಿದು ಬಂದವಳು.

ಶನಿವಾರ ಮನೆ ನೋಡಲು ಹೋದೆ. ಏಜೆಂಟ್ ಬಾಗಿಲಲ್ಲಿ ನಿಂತು ಎಲ್ಲರಿಗೂ ಕಾರ್ಡು ಹಂಚುತ್ತಿದ್ದ. ಒಳಗೆ ಬಿಸ್ಕತ್ತಿನ ವಾಸನೆ, ಹೊರಗೆ ಉಪ್ಪಿನ ಗಾಳಿ. ನಾನು ಕೈಯಲ್ಲಿ ನಕ್ಷೆ ಹಿಡಿದು ಆ ಜಾಗ ಸಮುದ್ರದ ಮಟ್ಟಕ್ಕಿಂತ ಎಷ್ಟು ಎತ್ತರ, ಚರಂಡಿ ಯಾವ ಕಡೆ ಇಳಿಯುತ್ತದೆ, ದೊಡ್ಡ ಅಲೆಯ ದಿನ ನೀರು ಎಲ್ಲಿಯವರೆಗೆ ಬಂದೀತು ಎಂದು ನೋಡುತ್ತ ಬೀದಿಯಲ್ಲೇ ತಿರುಗಿದೆ. ಏಜೆಂಟ್ ನನ್ನನ್ನು ಊರಿನ ಕೌನ್ಸಿಲ್‌ನಿಂದ ತಪಾಸಣೆಗೆ ಬಂದವಳು ಎಂದುಕೊಂಡಿರಬೇಕು, ಕಾರ್ಡು ಕೊಟ್ಟವನು ಆಮೇಲೆ ಹತ್ತಿರ ಬರಲಿಲ್ಲ.

ಅಂದು ಸಂಜೆ ಅಕ್ಕ ಕೇಳಿದ್ದು ಬೇರೆಯೇ. “ಹಿಂದೆ ಒಂದು ರೂಮ್ ಉಂಟಲ್ಲ, ಅದು ಹೇಗುಂಟು?”

“ರೂಮಿನ ಹಾಗೆ ಉಂಟು.”

“ಬೆಳಿಗ್ಗೆ ಬಿಸಿಲು ಬರ್ತದಾ? ಅದಕ್ಕೆ ಬೇರೆ ಬಚ್ಚಲು ಉಂಟಂತೆ. ಒಬ್ಬರಿಗೆ ಆರಾಮ ಆಗ್ತದಾ?”

“ಅಕ್ಕ, ನಾನು ಮಣ್ಣು, ನೀರು ನೋಡ್ಲಿಕ್ಕೆ ಹೋದದ್ದು. ಬಿಸಿಲು ನೋಡ್ಲಿಕ್ಕೆ ಅಲ್ಲ.”

ಅವಳು ನಕ್ಕಳು. ಅಕ್ಕನ ಅತ್ತೆಯವರು ಮೈಸೂರಿನಿಂದ ಬಂದರೆ ಅವರಿಗೆ ಇರಬಹುದು ಎಂದು ನಾನು ಅಷ್ಟಕ್ಕೇ ಬಿಟ್ಟೆ.

ಯುಗಾದಿಗೆ ಸಿಡ್ನಿಗೆ ಹೋದೆ. ನಮ್ಮ ತುಳುವರ ಹೊಸವರ್ಷ ಬಿಸು ಹಬ್ಬಕ್ಕೆ. ಆದರೆ ಭಾವ ಮೈಸೂರಿನವರು, ಅವರಿಗೆ ತುಳು ಬಾರದು. ಆ ಮನೆಯ ಮಾತು ಕನ್ನಡ, ಹಬ್ಬ ಯುಗಾದಿ. ಅಲ್ಲಿಯ ಕನ್ನಡದವರು ಒಂದು ಶಾಲೆಯ ಹಾಲ್ ಬುಕ್ ಮಾಡಿ ಹಬ್ಬ ಮಾಡುತ್ತಿದ್ದರು. ಭಾವ ಉತ್ಸಾಹದಲ್ಲಿ, ಪಂಚಾಂಗ ಶ್ರವಣದ ನಂತರ ಹತ್ತು ನಿಮಿಷ ನಾನು ಹಿಮದ ಬಗ್ಗೆ ಮಾತಾಡುತ್ತೇನೆ ಎಂದು ನನ್ನನ್ನು ಕೇಳದೆಯೇ ಒಪ್ಪಿಕೊಂಡಿದ್ದರು. “ನಮ್ಮನೆ ವಿಜ್ಞಾನಿ ಅಂತ ಎಲ್ರಿಗೂ ಹೇಳ್ಬಿಟ್ಟಿದೀನಿ ಕಣಮ್ಮ. ಮಾನ ಉಳಿಸು.”

ಹಾಲ್‌ನ ಬಾಗಿಲಲ್ಲೇ ಒಬ್ಬ ಆಂಟಿ ಹಿಡಿದರು. “ಹಸ್ಬೆಂಡ್ ಬರ್ಲಿಲ್ವಾ?” ಪ್ರಾಜೆಕ್ಟು ಎಂದೆ. “ಇನ್ನೂನಾ?” ಎಂದರು. ಅಕ್ಕ ನನ್ನ ಕೈಗೆ ಕೋಸಂಬರಿಯ ಪಾತ್ರೆ ಕೊಟ್ಟು, “ಇದನ್ನು ಒಳಗಿಡು ಹೋಗು” ಎಂದು ಅಲ್ಲಿಂದ ಕಳಿಸಿದಳು.

ಪಂಚಾಂಗ ಓದುವವರು ವಾರವೆಲ್ಲ ಒಂದು ಐಟಿ ಆಫೀಸಿನಲ್ಲಿ ಮ್ಯಾನೇಜರು, ಆ ಒಂದು ದಿನ ಪಂಚೆ ಶಲ್ಯ. ಎಲ್ಲರಿಗೂ ಅವರು ಅಂಕಲ್. ಬೇವಿನ ಪುಡಿ ಬೆರೆಸಿದ ಬೆಲ್ಲ ಬಾಯಿಗೆ ಹಾಕಿಕೊಂಡು ಎಲ್ಲರೂ ಕುರ್ಚಿಗಳಲ್ಲಿ ಕೂತರು. ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಮೋಡಗಳಿಗೆ ಅಧಿಪತಿ ಯಾರು, ಮಳೆ ಎಷ್ಟು ಕೊಳಗ, ಅದರಲ್ಲಿ ಸಮುದ್ರಕ್ಕೆ ಎಷ್ಟು ಪಾಲು, ಬೆಟ್ಟಕ್ಕೆ ಎಷ್ಟು, ನೆಲಕ್ಕೆ ಎಷ್ಟು ಎಂದು ಅವರು ರಾಗವಾಗಿ ಓದಿದರು. ಊರಿಗೆಂದು ಗುಣಿಸಿದ ಪಂಚಾಂಗ ಅದು. ಹೊರಗೆ ಶಾಲೆಯ ಮರಗಳು ಎಲೆ ಉದುರಿಸುತ್ತಿದ್ದವು, ಒಳಗೆ ವಸಂತ ಋತು ಬಂದಿತ್ತು. ನನಗೆ ನಗು ತಡೆಯಲಾಗಲಿಲ್ಲ.

ನನ್ನ ಸರದಿ ಬಂದಾಗ ಅದನ್ನೇ ಹೇಳಿದೆ. “ಅಂಕಲ್ ವಸಂತ ಅಂದರು. ಕಿಟಕಿಯಿಂದ ಹೊರಗೆ ನೋಡಿ. ಭೂಮಿಯ ಯಾವ ಅರ್ಧದಲ್ಲಿದ್ದೇವೆ ಎಂದು ಗೊತ್ತಿಲ್ಲದ ಲೆಕ್ಕ ಮಳೆ ಹೇಗೆ ಹೇಳುತ್ತದೆ?” ಜನ ನಕ್ಕರು. ಅಂಕಲ್ಲೂ ನಕ್ಕರು. ನನಗೆ ಹುಮ್ಮಸ್ಸು ಬಂತು. ಹಿಮದ ಹಾಸು, ತೇಲುವ ಚಪ್ಪರ, ಕಾವಲಿಯ ಹಿಟ್ಟು, ಎಲ್ಲ ಹೇಳಿದೆ. ಕೊನೆಗೆ ಸಮುದ್ರ ಎಷ್ಟು ಏರಬಹುದು ಎಂದು ಕಡಿಮೆಯ ಅಂಕಿ, ಹೆಚ್ಚಿನ ಅಂಕಿ ತೋರಿಸಿದೆ.

ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. “ಮೇಡಂ, ಆ ಚಪ್ಪರ ಮುರಿದು ಐಸ್ ಜಾರುತ್ತಲ್ಲ, ಅದೂ ಈ ಅಂಕಿಯಲ್ಲಿ ಸೇರಿದೆಯಾ?”

ಲೆಕ್ಕದ ವಿಷಯದಲ್ಲಿ ನನಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ. “ಇಲ್ಲ. ಅದು ಪೂರ್ತಿ ಸೇರಿಲ್ಲ.”

“ಅಂದ್ರೆ ಮೇನ್ ಐಟಮ್ಮೇ ಬಿಟ್ಟಿದ್ದೀರಾ?”

ಇಡೀ ಹಾಲ್ ಗೊಳ್ಳೆಂದಿತು. ನಾನು ಮೈಕಿನಲ್ಲಿ ಏನೋ ಹೇಳಲು ಹೋದೆ, ಯಾರಿಗೂ ಕೇಳಿಸಲಿಲ್ಲ. ಆಗ ಪಂಚಾಂಗದ ಅಂಕಲ್ ಕೂತಲ್ಲಿಂದಲೇ, “ನೋಡಮ್ಮ, ನಮ್ದು ತಪ್ಪೋ ಸರೀನೋ, ಏನನ್ನೂ ಬಿಟ್ಟಿಲ್ಲ. ಸಮುದ್ರದ ಪಾಲೂ ಇದೆ!” ಎಂದರು. ಇನ್ನೊಂದು ಸುತ್ತು ನಗು. ಕೀಟಲೆಯ ಮಾತು, ಅದರಲ್ಲಿ ವಿಷ ಇರಲಿಲ್ಲ. ಆದರೆ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೇರೆಯವರ ಲೆಕ್ಕಕ್ಕೆ ನಕ್ಕು ಬಾಯಿ ಮುಚ್ಚುವ ಮೊದಲೇ ನನ್ನ ಲೆಕ್ಕಕ್ಕೆ ನಗಿಸಿಕೊಂಡಿದ್ದೆ. ಭಾವ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರು. ಅಡಿಕೆಗೆ ಹೋದ ಮಾನ ಎನ್ನುತ್ತಾರಲ್ಲ, ನನ್ನದು ಒಂದು ಚಮಚ ಬೇವು ಬೆಲ್ಲಕ್ಕೆ ಹೋಯಿತು.

ಊಟಕ್ಕೆ ಕೂತಾಗ ಅಂಕಲ್ ಹೋಳಿಗೆಯ ತಟ್ಟೆ ಹಿಡಿದು ಪಕ್ಕಕ್ಕೆ ಬಂದರು. “ಬೇಜಾರ್ ಮಾಡ್ಕೊಂಡ್ಯೇನಮ್ಮ? ಊರಿನ ಮಳೆ ಇಲ್ಲಿ ಬರಲ್ಲ ಅಂತ ನಂಗೂ ಗೊತ್ತು. ಮಳೆ ಕೇಳಕ್ಕೆ ಯಾರೂ ಬಂದಿಲ್ಲ ಇಲ್ಲಿ. ಒಟ್ಟಿಗೆ ಕೂತ್ಕೋಬೇಕಲ್ಲ, ಅದಕ್ಕೊಂದು ನೆಪ.” ನಾನು “ಹೂಂ” ಎಂದೆ, ಅವರ ಮುಖ ನೋಡಲಿಲ್ಲ. ಒಳ್ಳೆಯ ಮನುಷ್ಯ. ಆ ದಿನ ಒಳ್ಳೆಯವರನ್ನು ಕಂಡರೆ ಇನ್ನೂ ಸಿಟ್ಟು ಬರುತ್ತಿತ್ತು.

ಮಾರನೇ ಬೆಳಿಗ್ಗೆ ಅಕ್ಕ ನೀರುದೋಸೆ ಹೊಯ್ಯುತ್ತಿದ್ದಳು. ಭಾವ ಮಗಳನ್ನು ಈಜು ಕಲಿಸುವ ಕಡೆಗೆ ಕರೆದುಕೊಂಡು ಹೋಗಿದ್ದರು. ನಾನು ಹಿಂದಿನ ದಿನದ ಮುಖವನ್ನೇ ಇಟ್ಟುಕೊಂಡು ಮೇಜಿಗೆ ಬಂದೆ. ಅಕ್ಕ ಬೆನ್ನು ತಿರುಗಿಸಿಯೇ ಕೇಳಿದಳು. “ಆ ಮನೆ ನಿಂಗೆ ಹೇಗೆ ಕಂಡಿತು? ತಗೊಳ್ಳುವುದಾ?”

ಕೇಳಬಾರದ ಬೆಳಿಗ್ಗೆ ಕೇಳಿದಳು. ಇನ್ನೊಮ್ಮೆ ಯಾರಿಗೂ ಒಂದು ಅಂಕಿ ಕೊಡುವುದಿಲ್ಲ ಎಂದು ನಾನು ರಾತ್ರಿಯೆಲ್ಲ ಹಲ್ಲು ಕಚ್ಚಿ ಮಲಗಿದ್ದವಳು. ಶುರು ಮಾಡಿದೆ. ಜಗತ್ತು ಹೊಗೆ ಕಡಿಮೆ ಮಾಡಿದರೆ ಒಂದು ಲೆಕ್ಕ, ಈಗಿನ ಹಾಗೇ ನಡೆದರೆ ಒಂದು ಲೆಕ್ಕ, ಹೆಚ್ಚಾದರೆ ಇನ್ನೊಂದು. ನಮ್ಮ ಕಾಲಕ್ಕೆ ಏನೂ ಆಗದಿರಬಹುದು. ಮಗಳ ಕಾಲಕ್ಕೆ ದೊಡ್ಡ ಗಾಳಿಯ ದಿನ ನೀರು ಬೀದಿಗೆ ಬರಬಹುದು. ಹಿಮ ಜಾರಿದರೆ ಇದೆಲ್ಲವೂ ಸುಳ್ಳಾಗಬಹುದು. ಅದು ಜಾರುತ್ತದೋ ಇಲ್ಲವೋ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ.

ಅಕ್ಕ ಕೇಳಿಸಿಕೊಳ್ಳುತ್ತ ಇನ್ನೊಂದು ದೋಸೆ ಹೊಯ್ದಳು. “ಅದೆಲ್ಲ ಸರಿ. ನಿಂಗೆ ಎಂತ ಅನ್ನಿಸ್ತದೆ?”

“ಅನ್ನಿಸುವುದರ ಮೇಲೆ ನಾನು ಮಾತಾಡುವುದಿಲ್ಲ.”

“ಒಂದು ಮಾತು ಹೇಳು ಮಾರಾಯ್ತಿ. ಹೂಂ ಅಂತಲೋ ಬೇಡ ಅಂತಲೋ.”

“ಹೇಳ್ಲಿಕ್ಕೆ ಆಗುವುದಿಲ್ಲ ಅಕ್ಕ. ನಾಳೆ ಎಂತ ಆದರೂ ನನ್ನ ತಲೆಗೆ ಬರ್ತದೆ. ಆ ಜವಾಬ್ದಾರಿ ನಂಗೆ ಬೇಡ.”

ಅವಳು ದೋಸೆ ಮಡಚಿ ನನ್ನ ತಟ್ಟೆಗೆ ಹಾಕಿದಳು. ಕಾಯಿಬೆಲ್ಲ ಹತ್ತಿರ ಸರಿಸಿದಳು. “ಸರಿ” ಎಂದಳು. ಗ್ಯಾಸಿನ ಉರಿ ತಗ್ಗಿಸಿ, ಉಳಿದ ಹಿಟ್ಟಿಗೆ ಮುಚ್ಚಳ ಹಾಕಿದಳು. ನಾನು ಬಿಸಿಬಿಸಿ ದೋಸೆ ತಿಂದೆ. ಒಳ್ಳೆಯ ಹಸಿವಾಗಿತ್ತು ಎಂಬುದು ನೆನಪಿದೆ, ಅದನ್ನು ನೆನೆದರೂ ಈಗ ನಾಚಿಕೆಯಾಗುತ್ತದೆ.

ಮುಂದಿನ ಶನಿವಾರ ಆಕ್ಷನ್. ನನಗೇನು ಕೆಲಸ ಅಲ್ಲಿ? ಆದರೂ ಕಾರು ತೆಗೆದುಕೊಂಡು ಹೋಗಿ ರಸ್ತೆಯ ಆಚೆ ನಿಂತೆ. ಭಾವ ಫೋನಿನಲ್ಲಾದರೂ ಕೂಗಬಹುದು, ಯಾರನ್ನಾದರೂ ಕಳಿಸಿರಬಹುದು ಎಂದು ಕೂಗುವವರ ಮುಖಗಳನ್ನೆಲ್ಲ ನೋಡಿದೆ. ಯಾರೂ ಇರಲಿಲ್ಲ. ತಳ್ಳುಗಾಡಿಯಲ್ಲಿ ಮಗು ಇಟ್ಟುಕೊಂಡಿದ್ದ ಒಂದು ಜೋಡಿಗೆ ಮನೆ ಹೋಯಿತು. ಆ ಹುಡುಗಿ ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು, ಸಂತೋಷಕ್ಕೆ. ಅವರು ಯಾವ ವಿಜ್ಞಾನಿಯನ್ನೂ ಕೇಳಿರಲಿಲ್ಲ ಎಂದು ಕಾಣುತ್ತದೆ. ನಾನು ಮನೆಗೆ ಬಂದು, ಸತ್ಯ ಹೇಳಿದ್ದೇನೆ, ಅದಕ್ಕಿಂತ ಹೆಚ್ಚು ಯಾರೂ ಕೇಳುವ ಹಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದ್ದು ಸತ್ಯವೇ. ಆದರೆ ಸತ್ಯ ಹೇಳಿದವಳಿಗೆ ಅಷ್ಟು ಸಲ ಹೇಳಿಕೊಳ್ಳುವ ಅಗತ್ಯ ಬೀಳಬಾರದಿತ್ತು.

ಫೋನು ನಿಲ್ಲಲಿಲ್ಲ. ಅಲ್ಲಿ ಮಳೆ ಉಂಟಾ, ಇಲ್ಲ, ಊಟ ಆಯ್ತಾ, ಆಯ್ತು, ಸರಿ ಇಡ್ತೇನೆ. ಮನೆಯ ಮಾತು ಅವಳು ಮತ್ತೆ ಎತ್ತಲಿಲ್ಲ. ಚಳಿಗಾಲದಲ್ಲಿ ಕ್ವೇಕರ್ಸ್ ಹಿಲ್‌ನ ಮನೆಗೆ ಹೊಸ ಅಡಿಗೆಮನೆ ಹಾಕಿಸಿದರು. ಹೊಸ ಅಡಿಗೆಮನೆ ಹಾಕಿಸುವವರು ಊರು ಬಿಡುವುದಿಲ್ಲ ಎಂಬುದಕ್ಕೆ ಯಾವ ಮಾಡೆಲ್ಲೂ ಬೇಡ.

ಕ್ರಿಸ್‌ಮಸ್ ರಜೆಗೆ ನಾನು ಮತ್ತೆ ಸಿಡ್ನಿಗೆ ಹೋದೆ. ಆರು ದಿನ ಚೆನ್ನಾಗಿಯೇ ಕಳೆಯಿತು. ಅಕ್ಕ ಬಂಗುಡೆ ಹುರಿದಳು, ತಲೆಗೆ ಎಣ್ಣೆ ಹಾಕಿದಳು. ಅವಳ ಮಗಳು ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಹೊರಡುವ ದಿನ ಬೆಳಿಗ್ಗೆ ಏರ್‌ಪೋರ್ಟಿಗೆ ಬಿಡಲು ಭಾವ ಕಾರು ತೆಗೆದರು. ದಾರಿಯಲ್ಲಿ ರೇಡಿಯೋ ಬರಗಾಲದ ಸುದ್ದಿ ಹೇಳುತ್ತಿತ್ತು. ಭಾವ ಅದನ್ನು ಆರಿಸಿ, “ಏನಮ್ಮ ವಿಜ್ಞಾನಿ, ಪಾಯಿಂಟ್ ಕುಕ್ ಮುಳುಗ್ತಾ?” ಎಂದರು.

ಕೀಟಲೆ ಎಂದುಕೊಂಡು, “ಇನ್ನೂ ಇಲ್ಲ” ಎಂದೆ.

“ನಾನು ಆಫೀಸಲ್ಲಿ ಮೆಲ್ಬರ್ನಿಗೆ ಟ್ರಾನ್ಸ್‌ಫರ್ ಕೇಳಿದ್ದೆ. ಸಿಕ್ಕೂ ಇತ್ತು. ಆಮೇಲೆ ಬೇಡ ಅಂತ ಬರೆದು ಕೊಟ್ಟೆ.”

“ನಿಮಗೆ ಸಿಡ್ನಿ ಸಾಕಾಗಿತ್ತಲ್ಲ ಭಾವ?”

“ನಂಗಾ?” ಅವರು ಒಮ್ಮೆ ನನ್ನ ಕಡೆ ತಿರುಗಿ ಮತ್ತೆ ರಸ್ತೆ ನೋಡಿದರು. “ನಂಗೆ ಸಿಡ್ನಿ ಬಿಟ್ಟು ಹೋಗಕ್ಕೆ ಒಂಚೂರೂ ಇಷ್ಟ ಇರ್ಲಿಲ್ಲ ಕಣಮ್ಮ. ನಿಮ್ಮಕ್ಕ ರಾತ್ರಿ ಎಲ್ಲ ನಿದ್ದೆ ಮಾಡ್ತಿರ್ಲಿಲ್ಲ. ಅವಳು ಒಬ್ಳೇ ಇದಾಳೆ, ಅವಳು ಒಬ್ಳೇ ಇದಾಳೆ. ಇದೇ ಜಪ. ಸರಿ, ಹೋಗೋಣ ಅಂದೆ. ಆ ಮನೆ ಹಿಂದೆ ಒಂದು ರೂಮ್ ಇತ್ತಲ್ಲ, ಅದು ನಿಂಗೆ ಅಂತ. ಸಮುದ್ರ ಯಾರಿಗೆ ಬೇಕಿತ್ತು? ಆ ರೂಮ್‌ಗೋಸ್ಕರ ಆ ಮನೆ.”

ನಾನು ಮಡಿಲಲ್ಲಿದ್ದ ಟಿಕೆಟ್ಟನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದೆ.

“ಯುಗಾದಿ ಮಾರನೇ ದಿನ ಕೇಳಿದ್ಳಂತೆ. ನೀನು ಜವಾಬ್ದಾರಿ ಬೇಡ ಅಂದ್ಯಂತೆ. ‘ಅವಳಿಗೆ ನಾವು ಹತ್ರ ಇರೋದು ಇಷ್ಟ ಇಲ್ಲ, ಬಲವಂತ ಬೇಡ’ ಅಂತ ಅವತ್ತೇ ಆ ಮಾತು ನಿಲ್ಲಿಸಿದ್ಳು.” ಅವರು ಇಂಡಿಕೇಟರ್ ಹಾಕಿ ಏರ್‌ಪೋರ್ಟ್ ಕಡೆಗೆ ತಿರುಗಿಸಿದರು. “ನಾನು ಹೇಳ್ದೆ ಅಂತ ಹೇಳ್ಬೇಡ.”

ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು. ಕೆಳಗೆ ಕಂದು ಬಣ್ಣದ ನೆಲ, ಬತ್ತಿದ ಕೆರೆಗಳ ಬಿಳಿ ಅಂಚು. ಪಕ್ಕದವರಿಗೆ ಕಾಣದ ಹಾಗೆ ಅತ್ತೆ ಎಂದು ಬರೆಯಬಹುದು, ಆದರೆ ಕಂಡಿತು, ಅವರು ಟಿಶ್ಯೂ ಕೊಟ್ಟರು. ಬಿಸಿಲು ಬರುತ್ತದಾ, ಒಬ್ಬರಿಗೆ ಆರಾಮ ಆಗುತ್ತದಾ, ನಿನಗೆ ಎಂತ ಅನ್ನಿಸುತ್ತದೆ. ಅವಳು ಇನ್ನು ಹೇಗೆ ಕೇಳಬೇಕಿತ್ತು? ಅವಳ ಮಾತು ನನಗೆ ಅರ್ಥವಾಗಿರಲೇ ಇಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಗಂಡ ಬಿಟ್ಟುಹೋದ ತಂಗಿಯನ್ನು ನೋಡಿಕೊಳ್ಳಲು ಅಕ್ಕ ಬರುತ್ತಿದ್ದಾಳೆ ಎಂಬ ವಾಸನೆ ಎಲ್ಲೋ ಬಡಿದಿತ್ತು. ಅದಕ್ಕೇ ಅಷ್ಟು ಜೋರಾಗಿ ಹಿಮದ ಮಾತು ಆಡಿದೆ. ಅನುಕಂಪಕ್ಕೆ ಹೆದರಿ ಲೆಕ್ಕದ ಹಿಂದೆ ಅಡಗಿ ಕೂತೆ. ತಿಳಿಯದ್ದನ್ನು ಸೊನ್ನೆ ಮಾಡಬೇಡಿ ಎಂದು ಕಚೇರಿಯಲ್ಲಿ ಮೇಜು ಗುದ್ದುವವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮನೆ ತಲುಪಿದಾಗ ಮಧ್ಯಾಹ್ನ. ಬಿಸಿಗಾಳಿಗೆ ಅಂಗಳದ ಹುಲ್ಲು ಚರಚರ ಎನ್ನುತ್ತಿತ್ತು. ಕರಿಬೇವಿನ ಗಿಡ ತಲೆ ಬಗ್ಗಿಸಿತ್ತು. ಅದಕ್ಕೆ ಬಕೆಟ್ಟಿನಲ್ಲಿ ಉಳಿದಿದ್ದ ನೀರು ಹಾಕಿ, ಚಪ್ಪಲಿ ಕೂಡ ಬಿಡದೆ ಅಕ್ಕನಿಗೆ ಫೋನ್ ಮಾಡಿದೆ. ಈ ಸಲ ಹೇಳಿಯೇ ಬಿಡುವುದು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ತಪ್ಪಾಯಿತು ಅಕ್ಕ, ನನಗೆ ಒಬ್ಬಳಿಗೆ ಆಗುವುದಿಲ್ಲ, ಬಾ. ಇಷ್ಟೇ. ನಾಲ್ಕನೇ ತರಗತಿಯ ಮಗುವೂ ಹೇಳಬಹುದಾದ ಮಾತು.

“ತಲುಪಿದ್ಯಾ?” ಎಂದಳು.

“ಹೂಂ.”

ಅವಳು ಕಾದಳು. ನಾನು ಬಾಯಿ ತೆರೆದೆ.

“ಅಲ್ಲಿ ಮಳೆ ಉಂಟಾ, ಅಕ್ಕ?”

ಬೆಳಿಗ್ಗೆಯಷ್ಟೇ ಅವಳ ಮನೆಯ ಬಾಗಿಲಿಂದ ಹೊರಟವಳು ನಾನು. ಆಕಾಶದಲ್ಲಿ ಒಂದು ಮೋಡದ ಚೂರೂ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಚೆಯಿಂದ ಹೊಸ ಅಡಿಗೆಮನೆಯ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

“ಶುಕ್ರವಾರ ಬರ್ತೇನೆ” ಎಂದಳು ಅಕ್ಕ. “ಶಾಲೆ ಶುರುವಾಗುವವರೆಗೆ ಇರ್ತೇನೆ. ನೀನು ಮುಚ್ಚಿಟ್ಟ ಆ ಹಿಂದಿನ ರೂಮ್ ಗುಡಿಸಿಡು.”

ನಾನು ಬಾ ಎಂದಿರಲಿಲ್ಲ. ಅವಳಿಗೆ ಅದು ಬೇಕಾಗಿರಲೂ ಇಲ್ಲ. “ಸರಿ, ಇಡ್ತೇನೆ” ಎಂದು ಫೋನ್ ಇಟ್ಟು, ನಾಚಿಕೆಯಿಂದ ಸುಡುವ ಮುಖಕ್ಕೆ ಒಂದು ಬೊಗಸೆ ನೀರು ಹಾಕಿಕೊಂಡು, ಪೊರಕೆ ಎಲ್ಲಿದೆ ಎಂದು ಹುಡುಕಿದೆ.